ಸಹಾಯ ಬೇಕು: ನರದ ನೋವಿನ ಮಾತ್ರೆ, ಹಂಚಿನ ಮುಂದೆ ತಲೆಸುತ್ತು

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ನನ್ನದೊಂದು ಸಣ್ಣ ಬೆಣ್ಣೆ ದೋಸೆ ಹೋಟೆಲ್ ಇದೆ. ದಿನಾ ಸೌದೆ ಒಲೆ ಮುಂದೆ ನಿಂತೇ ಕೆಲಸ. ಎರಡು ವರ್ಷದಿಂದ ಸೊಂಟದಿಂದ ಎಡಗಾಲಿನ ಮೀನಖಂಡದವರೆಗೆ ಕರೆಂಟ್ ಹೊಡೆದ ಹಾಗೆ ನೋವು. ಸಯಾಟಿಕಾ, ಅಂದರೆ ಸೊಂಟದಿಂದ ಕಾಲಿಗೆ ಇಳಿಯುವ ನರದ ನೋವು ಅಂದರು. ಎಣ್ಣೆ ತಿಕ್ಕಿಸಿದ್ದಾಯ್ತು, ಬೆಲ್ಟ್ ಕಟ್ಟಿದ್ದಾಯ್ತು, ಫಿಸಿಯೋಥೆರಪಿಗೂ ಹೋದೆ. ಮಾಮೂಲಿ ನೋವಿನ ಮಾತ್ರೆಯಿಂದ ಹೊಟ್ಟೆ ಉರಿ ಬಂತು, ಅಷ್ಟೇ ಲಾಭ.

ಮೂರು ವಾರದಿಂದ ನರದ ನೋವಿಗೆ ಪ್ರೆಗಾಬಲಿನ್ ಅನ್ನೋ ಮಾತ್ರೆ, 75 ಮಿಲಿಗ್ರಾಂ, ಬೆಳಿಗ್ಗೆ ಒಂದು, ರಾತ್ರಿ ಒಂದು. ಸುಳ್ಳು ಯಾಕೆ ಹೇಳಲಿ, ನೋವು ಅರ್ಧಕ್ಕರ್ಧ ಇಳಿದಿದೆ. ಆದರೆ ಬೆಳಿಗ್ಗೆಯೆಲ್ಲ ಮಂಪರು. ಸಂಜೆಗೆ ಪಾದ ಊದಿ ಚಪ್ಪಲಿ ಬಿಗಿಯಾಗುತ್ತೆ. ಮೊನ್ನೆ ದೋಸೆ ಮೇಲೆ ಬೆಣ್ಣೆ ಹಾಕುವಾಗ ತಲೆ ಸುತ್ತಿ, ಕೈ ಹಂಚಿಗೇ ತಾಗಿತು. ಎರಡು ಬೊಬ್ಬೆ ಎದ್ದಿವೆ.

ಮನೆಯವಳು "ಬಿಟ್ಟುಬಿಡ್ರಿ ಆ ಮಾತ್ರೆ" ಅಂತಾಳೆ. ಮೆಡಿಕಲ್ ಶಾಪಿನವರು ಇದನ್ನ ದಿಢೀರ್ ಅಂತ ಬಿಡಬಾರದು, ಡಾಕ್ಟರ್ ಹೇಳಿದ ಹಾಗೆ ನಿಧಾನಕ್ಕೆ ಇಳಿಸಬೇಕು ಅಂದರು. ಸೋಮವಾರ ಡಾಕ್ಟರ್ ಹತ್ತಿರ ಹೋಗ್ತಿದ್ದೇನೆ. ಅವರ ಮುಂದೆ ಕೂತರೆ ನನಗೆ ಅರ್ಧ ಮಾತು ಮರೆತೇ ಹೋಗುತ್ತೆ, ಅದಕ್ಕೇ ಮೊದಲೇ ಕೇಳ್ತಿದ್ದೇನೆ.

ಈ ಮಾತ್ರೆ ತಗೊಂಡವರು ಹೇಳಿ: ನಿಮಗೆ ತಲೆಸುತ್ತು ತಾನಾಗೇ ಹೋಯ್ತಾ, ಎಷ್ಟು ದಿನಕ್ಕೆ? ಇಲ್ಲಾ ಡಾಕ್ಟರ್ ಬೆಳಗಿನ ಡೋಸ್ ಕಡಿಮೆ ಮಾಡಿದ ಮೇಲೆ ಹೋಯ್ತಾ?