ಡ್ರೈವರ್‌ಗೆ ಪವರ್ ಮ್ಯಾನೇಜ್‌ಮೆಂಟ್: ಎಷ್ಟು ಮಾಡಿದರೆ ಸಾಕು?

ಪ್ರಶ್ನೆ: ಐ2ಸಿ (ಚಿಪ್‌ಗಳು ಮಾತಾಡುವ ಎರಡು ತಂತಿಯ ಬಸ್) ಅಕ್ಸೆಲೆರೋಮೀಟರ್ (ವೇಗೋತ್ಕರ್ಷ ಅಳೆಯುವ ಸೆನ್ಸರ್) ಒಂದಕ್ಕೆ ಲಿನಕ್ಸ್ ಡ್ರೈವರ್ ಬರೆದಿದ್ದೇನೆ. ರೀಡಿಂಗ್ ಸರಿಯಾಗಿ ಬರುತ್ತಿದೆ. ಮೇನ್‌ಲೈನ್‌ಗೆ (ಲಿನಕ್ಸ್‌ನ ಮೂಲ ಕರ್ನಲ್‌ಗೆ) ಕಳಿಸುವ ಮುಂಚೆ ಪವರ್ ಮ್ಯಾನೇಜ್‌ಮೆಂಟ್ ಸೇರಿಸಬೇಕು. ಸಸ್ಪೆಂಡ್ (ಮಲಗಿಸೋದು), ರೆಸ್ಯೂಮ್ (ಎಬ್ಬಿಸೋದು) ಎರಡು ಫಂಕ್ಷನ್ ಬರೆದರೆ ಸಾಕಾ? ಮಾಡಿದವರು ದಯವಿಟ್ಟು ಹೇಳಿ.

ಉತ್ತರ 1: ಫಂಕ್ಷನ್ ಬರೆಯುವುದು ಸುಲಭ. ಎದ್ದ ಮೇಲೆ ಚಿಪ್ ಮೊದಲಿನಂತೆಯೇ ಇದೆಯಾ ಅನ್ನೋದು ಮುಖ್ಯ. ನಿಮ್ಮ ಸೆನ್ಸರನ್ನೇ ತೆಗೆದುಕೊಳ್ಳಿ. ರೇಂಜ್ (ಅಳೆಯಬಲ್ಲ ಮಿತಿ) 8 ಜಿ (1 ಜಿ ಅಂದರೆ ಭೂಮಿಯ ಗುರುತ್ವದಷ್ಟು) ಇಟ್ಟಿದ್ದೀರಿ ಅಂದುಕೊಳ್ಳೋಣ. ಸಸ್ಪೆಂಡ್‌ನಲ್ಲಿ ರೆಗ್ಯುಲೇಟರ್ (ಚಿಪ್‌ಗೆ ಪವರ್ ಕೊಡುವ ಭಾಗ) ಆಫ್ ಆಯಿತು, ರಿಜಿಸ್ಟರ್‌ನಲ್ಲಿ (ಚಿಪ್ ತನ್ನ ಸೆಟ್ಟಿಂಗ್ ಇಟ್ಟುಕೊಳ್ಳುವ ಜಾಗ) ಇದ್ದದ್ದೆಲ್ಲ ಹೋಯಿತು. ಎದ್ದಾಗ ಚಿಪ್ ತನ್ನ ಡಿಫಾಲ್ಟ್ 2 ಜಿ ರೇಂಜ್‌ನಲ್ಲಿರುತ್ತದೆ, ಡ್ರೈವರ್ ಮಾತ್ರ ಇನ್ನೂ 8 ಜಿ ಲೆಕ್ಕವನ್ನೇ ಹಾಕುತ್ತಿರುತ್ತದೆ. ಮೇಜಿನ ಮೇಲೆ ಸುಮ್ನೆ ಇಟ್ಟ ಬೋರ್ಡ್ 1 ಜಿ ಬದಲು 4 ಜಿ ತೋರಿಸುತ್ತದೆ! ಕರ್ನಲ್ ಲಾಗ್‌ನಲ್ಲಿ ಒಂದು ಸಾಲು ಎರರ್ ಕೂಡ ಇರುವುದಿಲ್ಲ. ನನಗೆ ಹೆಚ್ಚು ಭಯ ಇಂಥ ತಪ್ಪುಗಳದ್ದೇ.

ರೆಗ್‌ಮ್ಯಾಪ್ ಕ್ಯಾಶ್ (ರಿಜಿಸ್ಟರ್ ಬೆಲೆಗಳ ಪ್ರತಿಯನ್ನು ಕರ್ನಲ್ ಇಟ್ಟುಕೊಳ್ಳುವ ವ್ಯವಸ್ಥೆ) ಬಳಸಿದರೆ ಕೆಲಸ ಹಗುರ. ಪವರ್ ತೆಗೆಯುವ ಮುಂಚೆ ಕ್ಯಾಶ್ ಓನ್ಲಿ ಮಾಡಿ (ಚಿಪ್ ಮುಟ್ಟದೆ ಪ್ರತಿಯಲ್ಲಷ್ಟೇ ಬರೆಯೋದು), ಡರ್ಟಿ (ಚಿಪ್‌ಗೆ ಮತ್ತೆ ಬರೆಯಬೇಕು) ಅಂತ ಗುರುತು ಹಾಕಿ. ಎದ್ದ ಮೇಲೆ ಕ್ಯಾಶ್ ಓನ್ಲಿ ತೆಗೆದು ರೆಗ್‌ಕ್ಯಾಶ್_ಸಿಂಕ್ ಕರೆಯಿರಿ, ಅದು ಪ್ರತಿಯಲ್ಲಿದ್ದದ್ದನ್ನು ಚಿಪ್‌ಗೆ ವಾಪಸ್ ಬರೆಯುತ್ತದೆ. ಆದರೆ ರೆಗ್ಯುಲೇಟರ್ ಆನ್ ಆದ ತಕ್ಷಣ ಅಲ್ಲ. ಡೇಟಾಶೀಟ್‌ನಲ್ಲಿ ಸ್ಟಾರ್ಟ್‌ಅಪ್ ಟೈಮ್ ಕೊಟ್ಟಿರುತ್ತಾರೆ, ಅಷ್ಟು ಕಾಯಲೇಬೇಕು.

ಉತ್ತರ 2: ಮೇಲಿನವರ ಮಾತು ಸರಿ. ರಿವ್ಯೂ ಮಾಡುವಾಗ ನಾನು ಮೊದಲು ನೋಡೋದು ಎರರ್ ಬಂದಾಗ ಕೋಡ್ ಎಲ್ಲಿಗೆ ಹೋಗುತ್ತದೆ ಅಂತ. ಡಿವೈಸ್ ಬಳಸುವ ಮುಂಚೆ ಅದನ್ನು ಎಬ್ಬಿಸುವ ಪಿಎಂ_ರನ್‌ಟೈಮ್_ಗೆಟ್_ಸಿಂಕ್ ಫೇಲ್ ಆದರೂ ಯೂಸೇಜ್ ಕೌಂಟ್ (ಡಿವೈಸ್ ಬಳಕೆಯಲ್ಲಿದೆ ಅನ್ನೋ ಎಣಿಕೆ) ಒಂದು ಏರಿಯೇ ಇರುತ್ತದೆ. ಪುಟ್ ಮಾಡದೆ (ಆ ಎಣಿಕೆ ಇಳಿಸದೆ) ರಿಟರ್ನ್ ಆದರೆ ಆ ಡಿವೈಸ್ ರನ್‌ಟೈಮ್‌ನಲ್ಲಿ ಮತ್ತೆ ಮಲಗುವುದೇ ಇಲ್ಲ, ಬ್ಯಾಟರಿ ಸದ್ದಿಲ್ಲದೆ ಖಾಲಿಯಾಗುತ್ತದೆ. ಇದಕ್ಕೆಂದೇ 2020ರಲ್ಲಿ, 5.10 ಕರ್ನಲ್‌ನಲ್ಲಿ, ಪಿಎಂ_ರನ್‌ಟೈಮ್_ರೆಸ್ಯೂಮ್_ಅಂಡ್_ಗೆಟ್ ಬಂತು. ಫೇಲ್ ಆದರೆ ಕೌಂಟನ್ನು ಅದೇ ಇಳಿಸುತ್ತದೆ. ಹೊಸ ಡ್ರೈವರ್‌ನಲ್ಲಿ ಇದನ್ನೇ ಬಳಸಿ.

ಪ್ರತಿ ರೀಡಿಂಗ್‌ಗೂ ಆನ್-ಆಫ್ ಮಾಡೋದು ಬೇಡ. ಆಟೋಸಸ್ಪೆಂಡ್ ಡಿಲೇ (ಬಳಕೆ ನಿಂತ ಮೇಲೆ ಮಲಗುವ ಮುಂಚೆ ಕಾಯುವ ಸಮಯ) ಇಡಿ.

ಉತ್ತರ 3: ಟೆಸ್ಟ್ ಬಗ್ಗೆ ಯಾರೂ ಹೇಳಲಿಲ್ಲ ಅಲ್ವಾ? ಪಿಎಂ_ಟೆಸ್ಟ್‌ಗೆ (ಸಸ್ಪೆಂಡ್ ಪರೀಕ್ಷಿಸಲು ಕರ್ನಲ್ ಕೊಡುವ ಫೈಲ್) ಡಿವೈಸಸ್ ಅಂತ ಬರೆದು ಸಸ್ಪೆಂಡ್ ಮಾಡಿದರೆ, ಡಿವೈಸ್‌ಗಳು ಮಲಗಿ 5 ಸೆಕೆಂಡ್‌ಗೆ ತಾವೇ ಏಳುತ್ತವೆ. ಅದು ಪಾಸಾದ ಮೇಲೆ ಆರ್‌ಟಿಸಿವೇಕ್ (ಹೇಳಿದ ಸಮಯಕ್ಕೆ ಸಿಸ್ಟಮ್ ಎಬ್ಬಿಸುವ ಕಮಾಂಡ್) ಹಾಕಿ ನಿಜವಾದ ಸಸ್ಪೆಂಡ್ ಮಾಡಿ. ಸಿಸ್‌ಎಫ್‌ಎಸ್‌ನ (ಡಿವೈಸ್‌ಗಳ ಸ್ಥಿತಿಯನ್ನು ಫೈಲ್‌ಗಳಾಗಿ ತೋರಿಸುವ ಜಾಗ) ರನ್‌ಟೈಮ್_ಸ್ಟೇಟಸ್ ಕೂಡ ನೋಡುತ್ತಿರಿ. ಸೆನ್ಸರನ್ನು ಯಾರೂ ಓದದೇ ಇರುವಾಗ ಅಲ್ಲಿ ಸಸ್ಪೆಂಡೆಡ್ ಅಂತ ಇರಬೇಕು. ಸ್ಯಾಂಪ್ಲಿಂಗ್ ನಡೆಯುತ್ತಿರುವಾಗಲೇ ಸಸ್ಪೆಂಡ್ ಮಾಡಿ ನೋಡೋದನ್ನು ಮಾತ್ರ ಬಿಡಬೇಡಿ, ಜಾಸ್ತಿ ಡ್ರೈವರ್‌ಗಳು ಮುಗ್ಗರಿಸೋದು ಅಲ್ಲೇ. ಯಾವ ಬೋರ್ಡ್‌ನಲ್ಲಿ ಏನೇನು ಟೆಸ್ಟ್ ಮಾಡಿದಿರಿ ಅಂತ ಪ್ಯಾಚ್ ಜೊತೆ ಬರೆದು ಕಳಿಸಿ.