ಕೌದಿ ತರಗತಿಗೆ ಹಳೆಯ ಹೊಲಿಗೆ ಯಂತ್ರ: ಯಾವುದನ್ನು ಕೊಳ್ಳಲಿ?

ಕೈಹೊಲಿಗೆಯಲ್ಲಿ ಎರಡು ಪುಟ್ಟ ಕೌದಿ ಮುಗಿಸಿದ್ದೇನೆ. ಮುಂದಿನ ತಿಂಗಳಿನಿಂದ ವಾರಕ್ಕೊಮ್ಮೆ ತರಗತಿ, ಯಂತ್ರವನ್ನು ನಾವೇ ಒಯ್ಯಬೇಕು. ಹಳೆಯ ಸಿಂಗರ್ ಯಂತ್ರಗಳೆಂದರೆ ನನಗೆ ಮೊದಲಿನಿಂದಲೂ ಪ್ರೀತಿ. ಈಗ ಎರಡು ಸಿಗುವಂತಿವೆ: ಪುಟ್ಟ ಫೆದರ್‌ವೇಟ್ 221 ಮತ್ತು ಎರಕದ ಕಬ್ಬಿಣದ 201. ಮುಂದೆ ಜೋಡಿ ಮಂಚದ ಕೌದಿಯನ್ನೂ ಹೊಲಿಯುವ ಆಸೆಯಿದೆ. ಬಳಸಿದವರು ದಯವಿಟ್ಟು ತಿಳಿಸಿ.

ಹನ್ನೆರಡು ವರ್ಷಗಳಿಂದ ಕೌದಿ ಹೊಲಿಯುತ್ತಿರುವವರು:

ನನ್ನ ಬಳಿ ಎರಡೂ ಇವೆ. ತರಗತಿಗೆ ಒಯ್ಯುವುದು ಫೆದರ್‌ವೇಟನ್ನು ಮಾತ್ರ. 1933ರಲ್ಲಿ ಬಂದ ಈ ಮಾದರಿಯ ಮೈ ಅಲ್ಯೂಮಿನಿಯಂ, ತೂಕ ಸುಮಾರು ಐದು ಕೆ.ಜಿ. 201ನ್ನು ಒಮ್ಮೆ ಎರಡು ಮಹಡಿ ಹತ್ತಿಸಿದ್ದೆ. ಆ ದಿನವೆಲ್ಲ ಕತ್ತರಿ ಹಿಡಿದ ಕೈ ನಡುಗುತ್ತಿತ್ತು.

ಎರಡೂ ನೇರ ಹೊಲಿಗೆ ಮಾತ್ರ ಹಾಕುತ್ತವೆ. ಅದನ್ನು ಕೊರತೆ ಎಂದುಕೊಳ್ಳಬೇಡಿ. ತುಂಡು ಜೋಡಿಸುವ ಕೆಲಸದಲ್ಲಿ ಬೇಕಾದದ್ದು ಹೊಲಿಗೆಯಾಚೆ ಬಿಡುವ ಅಂಚು ಎಲ್ಲೂ ಬದಲಾಗದೆ ಕಾಲು ಇಂಚೇ ಇರುವುದು, ಅಷ್ಟೇ. ಎಂಟು ತುಂಡುಗಳ ಸಾಲಿಗೆ ಏಳು ಹೊಲಿಗೆ. ಅಂಚು ಪ್ರತಿ ಸಲ ಒಂದೇ ಮಿಲಿಮೀಟರ್ ಹೆಚ್ಚಾದರೂ ಎರಡು ತುಂಡುಗಳಿಂದ ಸೇರಿ ಎರಡು ಮಿ.ಮೀ. ಹೋಗುತ್ತದೆ, ಸಾಲು 14 ಮಿ.ಮೀ. ಗಿಡ್ಡವಾಗುತ್ತದೆ. ನನ್ನ ಮೊದಲ ಕೌದಿಯಲ್ಲಿ ಸಾಲುಗಳು ಒಂದಕ್ಕೊಂದು ಕೂಡದೆ, ಒಂದು ವಾರ ಹೊಲಿಗೆ ಬಿಚ್ಚುತ್ತಾ ಕುಳಿತಿದ್ದೆ.

ಆದರೆ ಜೋಡಿ ಮಂಚದ ಕೌದಿಯನ್ನು ಫೆದರ್‌ವೇಟ್‌ಗೆ ಒಡ್ಡಬೇಡಿ. ಸೂಜಿಗೂ ಬಲಗಡೆಯ ಕಂಬಕ್ಕೂ ನಡುವಿನ ಜಾಗ ಕಿರಿದು, ಮೂರು ಪದರದ ಬಟ್ಟೆಯನ್ನು ಸುತ್ತಿದರೆ ಅಲ್ಲಿ ತೂರಿಸುವುದೇ ಸಾಹಸ. ಬಟ್ಟೆ ತಳ್ಳುವ ಹಲ್ಲುಗಳನ್ನು ಕೆಳಗಿಳಿಸಲೂ ಬರುವುದಿಲ್ಲ. ಬಟ್ಟೆಯನ್ನು ಕೈಯಿಂದಲೇ ತಿರುಗಿಸುತ್ತಾ ಬಳ್ಳಿ ಹೊಲಿಯಬೇಕಾದರೆ ಹಲ್ಲುಗಳ ಮೇಲೊಂದು ತಗಡು ಮುಚ್ಚಬೇಕು. 201ರಲ್ಲಿ ತಳದ ತಿರುಪು ಸಡಿಲಿಸಿ ಅವನ್ನು ಇಳಿಸಬಹುದು. ದೊಡ್ಡ ಕೌದಿಗಳನ್ನೆಲ್ಲ ನಾನು ಮನೆಯಲ್ಲಿ ಅದರಲ್ಲೇ ಮುಗಿಸುತ್ತೇನೆ.

ಹಳೆಯ ಯಂತ್ರಗಳ ರಿಪೇರಿ ಮಾಡುವವರು:

ಒಂದೇ ಯಂತ್ರ ಸಾಕು ಎನ್ನುವುದಾದರೆ ಸಿಂಗರ್‌ನದೇ ಆದ 301ನ್ನೂ ಹುಡುಕಿ. 1952ರಲ್ಲಿ ಬಂತು, ಮೈ ಅಲ್ಯೂಮಿನಿಯಂ, ತೂಕ ಏಳು ಕೆ.ಜಿ. ಚಿಲ್ಲರೆ. ತೋಳು ಪೂರ್ಣ ಅಳತೆಯದು, ಹಲ್ಲುಗಳೂ ಕೆಳಗಿಳಿಯುತ್ತವೆ, ಬಾಬಿನ್ (ಕೆಳಗಿನ ದಾರದ ಉರುಳೆ) ಫೆದರ್‌ವೇಟಿನದೇ. ಸೂಜಿ ಓರೆಯಾಗಿ ಇಳಿಯುವುದರಿಂದ ನೇರ ಸೂಜಿಯ ಯಂತ್ರಗಳ ಫುಟ್ (ಬಟ್ಟೆಯನ್ನು ಒತ್ತಿ ಹಿಡಿಯುವ ಪಾದ) ಮಾತ್ರ ಇದಕ್ಕೆ ಕೂಡುವುದಿಲ್ಲ.

ಯಾವುದನ್ನೇ ನೋಡಿದರೂ ಮೊದಲು ವೈರ್ ಬಗ್ಗಿಸಿ ಪರೀಕ್ಷಿಸಿ. ಮೇಲಿನ ರಬ್ಬರ್ ಸೀಳಿದ್ದರೆ ಪ್ಲಗ್ ಹಾಕಲೇಬೇಡಿ. ಮೋಟಾರಿನ ಫಲಕದಲ್ಲಿರುವ ವೋಲ್ಟ್ ನಿಮ್ಮ ವಿದ್ಯುತ್ತಿಗೆ ಹೊಂದಬೇಕು. ಅಮೆರಿಕದ ಬಳಕೆಗೆಂದು ಮಾಡಿದ್ದು 110 ವೋಲ್ಟಿನದು. ಚಕ್ರ ಬಿಗಿಯಾಗಿದ್ದರೆ ಹೆದರಬೇಡಿ. ಬಹುಪಾಲು ಅದು ಒಣಗಿ ಅಂಟಾದ ಹಳೆಯ ಎಣ್ಣೆ; ಹೊಲಿಗೆ ಯಂತ್ರದ ಎಣ್ಣೆ ಬಿಟ್ಟು, ದಿನಕ್ಕೆ ನಾಲ್ಕು ಸಲ ಕೈಯಿಂದ ತಿರುಗಿಸುತ್ತಾ ಹೋದರೆ ಸಡಿಲವಾಗುತ್ತದೆ. ಫೆದರ್‌ವೇಟ್ ಮೋಟಾರಿನ ಗ್ರೀಸ್ ನಳಿಕೆಗೆ ಮಾತ್ರ ಎಣ್ಣೆ ಹಾಕಬಾರದು. ಹಾಗೆ ಹಾಳಾದ ಮೋಟಾರುಗಳು ನನ್ನ ಮೇಜಿಗೆ ಬರುತ್ತಲೇ ಇರುತ್ತವೆ, ನೋಡಿದಾಗಲೆಲ್ಲ ಸಂಕಟವಾಗುತ್ತದೆ. ಚಿನ್ನದ ಬಣ್ಣದ ಚಿತ್ತಾರವನ್ನು ಸ್ಪಿರಿಟ್‌ನಿಂದ ಒರೆಸಬೇಡಿ, ಮೇಲಿನ ಮೆರುಗು ಕರಗಿ ಚಿತ್ತಾರವೂ ಎದ್ದು ಬರುತ್ತದೆ.

ತರಗತಿ ನಡೆಸುವವರು:

ಫೆದರ್‌ವೇಟ್ ತಂದವರು ಮೊದಲ ದಿನ ಬಂದು ಹೇಳುವುದು ಒಂದೇ, ಹೊಲಿಗೆ ಬೀಳುತ್ತಿಲ್ಲ ಎಂದು. ಇದರಲ್ಲಿ ಸೂಜಿಯ ಚಪ್ಪಟೆ ಬದಿ ಎಡಕ್ಕಿರಬೇಕು, ದಾರವನ್ನು ಬಲದಿಂದ ಎಡಕ್ಕೆ ಪೋಣಿಸಬೇಕು. ಶುರುಮಾಡುವಾಗ ಮೇಲಿನ, ಕೆಳಗಿನ ಎರಡೂ ದಾರದ ತುದಿಗಳನ್ನು ಹಿಡಿದುಕೊಳ್ಳಿ, ಇಲ್ಲವಾದರೆ ಬಾಬಿನ್ ಸುತ್ತ ದಾರ ಸಿಕ್ಕಾಗುತ್ತದೆ. ಕೊಳ್ಳಲು ಹೋಗುವಾಗ ಹೊಸ ಸೂಜಿಯನ್ನೂ ನಡುವೆ ಹತ್ತಿ ಇಟ್ಟ ಮೂರು ಪದರದ ತುಂಡನ್ನೂ ಒಯ್ದು, ಅಲ್ಲೇ ಕುಳಿತು ಹೊಲಿದು ನೋಡಿ.

ಕೇಳಿದವರು:

ಎಲ್ಲರಿಗೂ ಮನಸಾರೆ ವಂದನೆಗಳು. ಫಲಕದ ಮತ್ತು ವೈರಿನ ಚಿತ್ರ ಕಳುಹಿಸಲು 221ರ ಮಾಲೀಕರಿಗೆ ಹೇಳಿದ್ದೇನೆ. ಭಾನುವಾರ ನೋಡಲು ಹೋಗುತ್ತೇನೆ. ಮೂರು ಪದರದ ತುಂಡು ಈಗಾಗಲೇ ಚೀಲದಲ್ಲಿದೆ. ಜೋಡಿ ಮಂಚದ ಕೌದಿಯ ಯೋಚನೆಯನ್ನು 301 ಕಣ್ಣಿಗೆ ಬೀಳುವವರೆಗೆ ಮುಂದೂಡಿದ್ದೇನೆ.