ಮೋಟಾರ್ ಪ್ಲೇಟ್ ಮೇಲೆ 7.5 ಆಂಪ್, ಟಾಂಗ್ ಟೆಸ್ಟರ್‌ನಲ್ಲಿ (ತಂತಿಗೆ ಕಚ್ಚಿಸಿ ಆಂಪ್ ನೋಡುವ ಮೀಟರ್) 8.6. ರಿಲೇ ಏರಿಸಲಾ?

ಗುಬ್ಬಿ ರಾಗಿ ಮಿಷನ್:
ನಮ್ಮದು ಗುಬ್ಬಿ ಹತ್ತಿರದ ಹಳ್ಳಿ. ಹೋದ ತಿಂಗಳು ರಾಗಿ ಮಿಷನ್‌ಗೆ ಹಳೇ 5 ಎಚ್‌ಪಿ ಮೋಟಾರ್ ಕೂರಿಸಿದೆ. ಪ್ಲೇಟ್ ಮೇಲೆ 3.7 ಕಿಲೋವ್ಯಾಟ್, 415 ವೋಲ್ಟ್, 7.5 ಆಂಪ್, ಕ್ಲಾಸ್ ಎಫ್ ಅಂತ ಇದೆ. ಬೆಳಗ್ಗೆ ಚೆನ್ನಾಗಿ ಓಡುತ್ತದೆ. ಸುತ್ತಲಿನ ಪಂಪ್‌ಸೆಟ್‌ಗಳೆಲ್ಲ ಶುರುವಾದ ಮೇಲೆ ವೋಲ್ಟೇಜ್ 360ಕ್ಕೆ ಇಳಿಯುತ್ತದೆ, ಆಂಪ್ 8.6ಕ್ಕೆ ಏರುತ್ತದೆ, ಹತ್ತು ನಿಮಿಷಕ್ಕೆ ಟ್ರಿಪ್. ಆಂಪ್ ಜಾಸ್ತಿಯಾದರೆ ಮೋಟಾರ್ ನಿಲ್ಲಿಸುವ ಓವರ್‌ಲೋಡ್ ರಿಲೇಯನ್ನು 7.5ರಿಂದ 10ಕ್ಕೆ ತಿರುಗಿಸಿ ಅಂತ ಒಬ್ಬರು ಹೇಳಿದರು. ತಿರುಗಿಸಲಾ? ಜನ ಡಬ್ಬ ಇಟ್ಟುಕೊಂಡು ಕಾಯುತ್ತಾ ಕೂತಿರುತ್ತಾರೆ, ಪಾಪ.

ಕೋಲಾರ ರಿವೈಂಡಿಂಗ್:
ದಯವಿಟ್ಟು ತಿರುಗಿಸಬೇಡಿ ಅಣ್ಣ. 22 ವರ್ಷದಿಂದ ರಿವೈಂಡಿಂಗ್ ಮಾಡುತ್ತಿದ್ದೇನೆ. ಸುಟ್ಟು ಬಂದ ಎಷ್ಟೋ ಮೋಟಾರ್‌ಗಳ ಹಿಂದೆ ಇದೇ ಕಥೆ.

ಆ 3.7 ಲೈನಿನಿಂದ ಎಳೆಯುವ ಲೆಕ್ಕ ಅಲ್ಲ, ಶಾಫ್ಟ್‌ನಲ್ಲಿ ಸಿಗುವ ಲೆಕ್ಕ. 415 ವೋಲ್ಟ್ ಇದ್ದು ಶಾಫ್ಟ್ ಮೇಲೆ ಅಷ್ಟೂ ಲೋಡ್ ಬಿದ್ದಾಗ 7.5 ಆಂಪ್ ಎಳೆಯುತ್ತದೆ. ವೋಲ್ಟೇಜ್ ಇಳಿದರೂ ಬೀಸುವ ಕಲ್ಲು ಕೇಳುವ ಕೆಲಸ ಹೆಚ್ಚುಕಮ್ಮಿ ಅಷ್ಟೇ ಅಲ್ವಾ? ಅದಕ್ಕೆ ಮೋಟಾರ್ ಆಂಪ್ ಜಾಸ್ತಿ ಎಳೆಯುತ್ತದೆ. 415ರ ಪಕ್ಕ ±10% ಅಂತಲೂ ಇರಬೇಕು, ನೋಡಿ. ಅಂದರೆ ಕೆಳಗೆ ಸುಮಾರು 373ರವರೆಗೆ. ನಿಮ್ಮ 360 ಅದಕ್ಕೂ ಕಮ್ಮಿ.

7.5ರಿಂದ 8.6 ಅಂದರೆ ಏನು ಮಹಾ ಅನಿಸುತ್ತದೆ. ಆದರೆ ತಂತಿಯ ಬಿಸಿ ಆಂಪ್‌ನ ವರ್ಗದ (ಆಂಪ್ × ಆಂಪ್) ಲೆಕ್ಕದಲ್ಲಿ ಏರುತ್ತದೆ. 8.6ಕ್ಕೇ ಸುಮಾರು 30% ಜಾಸ್ತಿ. 10 ಆಂಪ್‌ಗೆ 78%! ಕ್ಲಾಸ್ ಎಫ್ ಇನ್ಸುಲೇಷನ್ ತಡೆಯುವುದು 155 ಡಿಗ್ರಿವರೆಗೆ. ಅದನ್ನು ದಾಟಿಸುತ್ತಾ ಹೋದರೆ ಕಾಯಿಲ್ ಉಳಿಯುವುದಿಲ್ಲ.

ಸ್ಟಾರ್ಟರ್ ಯಾವುದು, ಡಿಒಎಲ್ಲಾ (ಮೋಟಾರನ್ನು ನೇರವಾಗಿ ಲೈನಿಗೆ ಹಾಕುವುದು)? ಸ್ಟಾರ್-ಡೆಲ್ಟಾ (ಕಾಯಿಲ್‌ಗೆ ಮೊದಲು ಕಮ್ಮಿ ವೋಲ್ಟೇಜ್, ಆಮೇಲೆ ಪೂರ್ತಿ ಕೊಡುವುದು) ಆದರೆ ರಿಲೇ ಸಾಮಾನ್ಯವಾಗಿ ಕಾಯಿಲ್ ಕರೆಂಟನ್ನು ನೋಡುತ್ತದೆ. ಆಗ 7.5ರ 58%, ಸುಮಾರು 4.3ಕ್ಕೆ ಇಡಬೇಕು.

ಚಿಂತಾಮಣಿ ಫ್ಲೋರ್ ಮಿಲ್:
ಮೋಟಾರ್ ಹಿಂದಿನ ಫ್ಯಾನ್ ಕವರ್ ಬಿಚ್ಚಿ ನೋಡಿದಿರಾ? ನಮ್ಮದರಲ್ಲಿ ಹಿಟ್ಟು ಗಟ್ಟಿಯಾಗಿ ಮೆತ್ತಿಕೊಂಡು ಗಾಳಿಯೇ ಆಡುತ್ತಿರಲಿಲ್ಲ. ವೋಲ್ಟೇಜ್ ಇಳಿದಾಗ ನಾವು ರಾಗಿ ಬೀಳುವ ಬಾಗಿಲನ್ನು ಅರ್ಧ ಮುಚ್ಚುತ್ತೇವೆ. ಲೋಡ್ ಇಳಿಯುತ್ತದೆ.

ಗುಬ್ಬಿ ರಾಗಿ ಮಿಷನ್:
ಡಿಒಎಲ್ಲೇ ಸರ್. ರಿಲೇ 7.5ರಲ್ಲೇ ಬಿಟ್ಟೆ. ಮೇನ್ ಆಫ್ ಮಾಡಿ ಫ್ಯಾನ್ ಕವರ್ ಬಿಚ್ಚಿದರೆ ಒಂದು ಬೊಗಸೆ ಹಿಟ್ಟು ಸಿಕ್ಕಿತು. ಬಾಗಿಲು ಅರ್ಧ ಮುಚ್ಚಿದ ಮೇಲೆ 362 ವೋಲ್ಟ್‌ನಲ್ಲಿ 7.1 ಆಂಪ್. ಡಬ್ಬಕ್ಕೆ ಸ್ವಲ್ಪ ಹೊತ್ತು ಜಾಸ್ತಿ ಹಿಡಿಯುತ್ತದೆ, ಆದರೆ ನಿನ್ನೆ ಒಂದು ಸಲವೂ ಟ್ರಿಪ್ ಆಗಲಿಲ್ಲ.